ಅರೋಮಾಥೆರಪಿ ಪರೀಕ್ಷೆಗೆ ಕೊಂಡ ಅಭ್ಯಾಸದ ಕಿಟ್: ವರ್ಷ ದಾಟಿದ ಮೇಲೆ ಹೇಗಿದೆ?

ಬರೀ ಆಸಕ್ತಿಯಿಂದ ಅರೋಮಾಥೆರಪಿ (ಸುಗಂಧ ಚಿಕಿತ್ಸೆ) ಸರ್ಟಿಫಿಕೇಟ್ ಪರೀಕ್ಷೆಗೆ ಓದಲು ಕೂತವಳು ನಾನು. ಅದಕ್ಕೆಂದೇ 30 ಪುಟ್ಟ ಬಾಟಲಿಗಳ ಕಿಟ್ ತರಿಸಿಕೊಂಡೆ. ಎಸೆನ್ಶಿಯಲ್ ಆಯಿಲ್‌ಗಳ (ಗಿಡಗಳಿಂದ ತೆಗೆದ ಪರಿಮಳದ ಎಣ್ಣೆಗಳ) ಜೊತೆ ಒಂದು ಕೈಪಿಡಿ, ವಾಸನೆ ನೋಡಲು ಕಾಗದದ ಪಟ್ಟಿಗಳು ಇವೆ. ಬಳಸಲು ಶುರು ಮಾಡಿ ವರ್ಷದ ಮೇಲಾಯಿತು. ಬಾಟಲಿಗಳು ಚೆನ್ನಾಗಿವೆ, ಕೈಪಿಡಿಯನ್ನು ಮಾತ್ರ ನೆಚ್ಚಿಕೊಳ್ಳುವಂತಿಲ್ಲ.

ಥಿಯರಿಯನ್ನು ಎಲ್ಲಿ ಬೇಕಾದರೂ ಓದಿಕೊಳ್ಳಬಹುದು. ಆದರೆ ಹೆಸರು ಮುಚ್ಚಿ ಪಟ್ಟಿ ಕೈಗಿಟ್ಟು 'ಇದು ಯಾವುದು?' ಎಂದು ಕೇಳಿದರೆ ಓದಿದ್ದು ನೆರವಿಗೆ ಬರುವುದಿಲ್ಲ. ದನಿ ಕೇಳಿಯೇ ಯಾರೆಂದು ಗೊತ್ತಾಗುತ್ತದಲ್ಲ, ಪರಿಮಳದ ಗುರುತೂ ಹಾಗೇ, ಒಡನಾಟದಿಂದಲೇ ಬರಬೇಕು. ನಿಂಬೆ ಮತ್ತು ಲೆಮನ್‌ಗ್ರಾಸ್ ತೆಗೆದುಕೊಳ್ಳಿ. ಎರಡನ್ನೂ 'ನಿಂಬೆಯ ಘಮ' ಎಂದು ಪುಸ್ತಕ ಹೇಳಿ ಮುಗಿಸುತ್ತದೆ. ಅಕ್ಕಪಕ್ಕ ಇಟ್ಟು ಮೂಸಿದರೆ ವ್ಯತ್ಯಾಸ ಥಟ್ಟನೆ ಗೊತ್ತಾಗುತ್ತದೆ. ನಿಂಬೆಯಲ್ಲಿ ಹೆಚ್ಚಿರುವುದು ಲಿಮೋನೀನ್, ಹಗುರ, ಬೇಗ ಹಾರಿಹೋಗುತ್ತದೆ. ಲೆಮನ್‌ಗ್ರಾಸ್‌ನಲ್ಲಿ ಹೆಚ್ಚಿರುವುದು ಸಿಟ್ರಾಲ್, ಅದು ಮೂಗಿಗೆ ಗಟ್ಟಿಯಾಗಿ ಹೊಡೆಯುತ್ತದೆ.

ನನಗೆ ತುಂಬಾ ಉಪಯೋಗಕ್ಕೆ ಬಂದ ಅಭ್ಯಾಸ ಇದು. ಪಟ್ಟಿಯ ಒಂದು ತುದಿಗೆ ಹೆಸರು, ಇನ್ನೊಂದು ತುದಿಗೆ ಒಂದು ಹನಿ. ಆಗಲೇ ಒಮ್ಮೆ ಮೂಸುವುದು, ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ. ಬೆಳಿಗ್ಗೆಗೆ ನಿಂಬೆಯ ಪಟ್ಟಿ ಬರೀ ಕಾಗದ. ಲ್ಯಾವೆಂಡರ್ ತೆಳ್ಳಗೆ ಉಳಿದಿರುತ್ತದೆ. ಪಚೋಲಿ, ಲಾವಂಚ ಎರಡೂ ಹಿಂದಿನ ದಿನಕ್ಕಿಂತ ಮೆತ್ತಗಾಗಿ, ಇನ್ನೂ ಚೆನ್ನಾಗಿ ಘಮ್ಮೆನ್ನುತ್ತವೆ. ಬೇಗ ಹಾರುವುದು ಟಾಪ್ ನೋಟ್, ನಡುವಿನದು ಮಿಡಲ್ ನೋಟ್, ಕೊನೆಯವರೆಗೆ ಉಳಿಯುವುದು ಬೇಸ್ ನೋಟ್ ಅಂತ ಉರು ಹೊಡೆಯುವುದೇ ಬೇಡ, ಅಲ್ವಾ? ಹಾಗಂತ ಒಂದೇ ಸಲ ಹತ್ತು ಬಾಟಲಿ ತೆರೆಯಬೇಡಿ. ಮೂಗು ಬೇಗ ಒಗ್ಗಿಕೊಂಡು ಸುಮ್ಮನಾಗುತ್ತದೆ. ಮೂರು ನಾಲ್ಕು ಸಾಕು, ನಡುವೆ ಹೊರಗೆ ಹೋಗಿ ಗಾಳಿ ಕುಡಿದು ಬನ್ನಿ.

ಲೇಬಲ್ ವಿಷಯದಲ್ಲಿ ನನಗೆ ಬೇಸರವಿದೆ. ಗಿಡದ ಲ್ಯಾಟಿನ್ ಹೆಸರೇ ಇಲ್ಲ, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಸುಮ್ನೆ 'ಯೂಕಲಿಪ್ಟಸ್' (ನೀಲಗಿರಿ) ಎಂದರೆ ಯಾವ ಜಾತಿಯದು, ಗ್ಲೋಬ್ಯುಲಸ್ಸೋ, ರೇಡಿಯಾಟಾನೋ, ನಿಂಬೆಯಂತೆ ಘಮಿಸುವ ಸಿಟ್ರಿಯೊಡೋರಾನೋ? 'ಕ್ಯಾಮೊಮೈಲ್' ಎಂದಿದ್ದನ್ನು ಬಣ್ಣ ನೋಡಿ ಪತ್ತೆ ಮಾಡಿದೆ. ಪಟ್ಟಿಗೆ ಬಿದ್ದ ಹನಿ ಕಡುನೀಲಿ. ಅಲ್ಲಿಗೆ ಅದು ಜರ್ಮನ್ ಕ್ಯಾಮೊಮೈಲ್, ಮೆಟ್ರಿಕೇರಿಯಾ. ಆ ನೀಲಿ ಬಣ್ಣ ಹೂವಿನಲ್ಲೇ ಇರುವುದಿಲ್ಲ. ಹಬೆಯಲ್ಲಿ ಭಟ್ಟಿ ಇಳಿಸುವಾಗ ಮೆಟ್ರಿಸಿನ್ ಎಂಬ ವಸ್ತು ಮಾರ್ಪಟ್ಟು ಕ್ಯಾಮಜುಲೀನ್ ಆಗುತ್ತದೆ, ಬಣ್ಣ ಬರುವುದು ಅದರಿಂದ. ಇಷ್ಟು ಸೊಗಸಾದ ಸಂಗತಿಯನ್ನು ಕೈಪಿಡಿ ಒಂದು ಸಾಲಿನಲ್ಲಾದರೂ ಹೇಳಬಹುದಿತ್ತು.

ಕೈಪಿಡಿಯ ತೊಂದರೆ ಅಷ್ಟೇ ಅಲ್ಲ. ಫ್ರಾನ್ಸಿನ ರಸಾಯನತಜ್ಞ ರೆನೆ-ಮೊರೀಸ್ ಗಾಟ್‌ಫೊಸೆ ಸುಟ್ಟ ಕೈಯನ್ನು ಲ್ಯಾವೆಂಡರ್ ತೊಟ್ಟಿಗೆ ಅದ್ದಿದರು, ತಕ್ಷಣ ವಾಸಿಯಾಯಿತು ಎಂಬ ಕಥೆಯನ್ನೇ ಅದೂ ಹೇಳುತ್ತದೆ. 1910ರಲ್ಲಿ ಪ್ರಯೋಗಾಲಯದಲ್ಲಿ ಸ್ಫೋಟವಾಗಿದ್ದು ನಿಜ. ಆದರೆ 1937ರ ತಮ್ಮ ಪುಸ್ತಕದಲ್ಲಿ ಅವರೇ ಬರೆದ ಪ್ರಕಾರ, ಗಾಯ ಕೊಳೆಯತೊಡಗಿದ ಮೇಲೆ ಅದನ್ನು ಲ್ಯಾವೆಂಡರ್ ಎಣ್ಣೆಯಿಂದ ತೊಳೆದರು. ಅದಕ್ಕಿಂತ ಕಳವಳದ ಮಾತೆಂದರೆ, ಕೆಲವು ಎಣ್ಣೆಗಳನ್ನು ನೀರಿಗೆ ಹಾಕಿ ಕುಡಿಯಿರಿ ಎಂದೂ ಕೈಪಿಡಿಯಲ್ಲಿ ಬರೆದಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಣ್ಣೆ ನೀರಿನಲ್ಲಿ ಕರಗುವುದೇ ಇಲ್ಲ, ಹಾಗೇ ಬಾಯಿಗೆ, ಗಂಟಲಿಗೆ ತಾಗುತ್ತದೆ. ಬೆರ್ಗಮಾಟ್ ಎಂಬ ಸಿಟ್ರಸ್ ಹಣ್ಣಿನ ಸಿಪ್ಪೆಯಿಂದ ಹಿಂಡಿದ ಎಣ್ಣೆಯಲ್ಲಿ ಬೆರ್ಗಾಪ್ಟೆನ್ ಎಂಬ ವಸ್ತು ಇರುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಡಬಹುದು. ಅದರ ಬಗ್ಗೆ ಕೈಪಿಡಿಯಲ್ಲಿ ಸೊಲ್ಲೇ ಇಲ್ಲ. ಸುರಕ್ಷತೆಯ ಪಾಠವನ್ನು ಬೇರೆ ಒಳ್ಳೆಯ ಪುಸ್ತಕದಿಂದಲೇ ಓದಿ.

ಡ್ರಾಪರ್‌ಗಳು ಪರವಾಗಿಲ್ಲ. ಸಾಮಾನ್ಯವಾಗಿ 20 ಹನಿಗೆ 1 ಮಿ.ಲೀ. ಎಂದು ಲೆಕ್ಕ. 30 ಮಿ.ಲೀ. ಕ್ಯಾರಿಯರ್ ಎಣ್ಣೆಗೆ (ಎಸೆನ್ಶಿಯಲ್ ಆಯಿಲ್ ಬೆರೆಸಿಕೊಳ್ಳುವ ಸಾದಾ ಎಣ್ಣೆಗೆ) 2% ಬೇಕೆಂದರೆ 0.6 ಮಿ.ಲೀ., ಅಂದರೆ 12 ಹನಿ. ಲೆಕ್ಕ ಸುಲಭ. ಆದರೆ ಲಾವಂಚ ಮಂದವಾಗಿ, ನಿಧಾನಕ್ಕೆ ಬೀಳುತ್ತದೆ, ನಿಂಬೆ ಪಟಪಟ ಉದುರುತ್ತದೆ. ಎಲ್ಲ ಎಣ್ಣೆಯ ಹನಿಯೂ ಒಂದೇ ಅಳತೆಯದಲ್ಲ ಎನ್ನುವುದು ಕೈಯಲ್ಲಿ ಹಿಡಿದಾಗಲೇ ಅರ್ಥವಾಗುವುದು.

ಇನ್ನು ಬಾಳಿಕೆ. ಬಾಟಲಿಗಳು ಕಂದು ಗಾಜಿನವು, ಅದು ಒಳ್ಳೆಯದು. ರಬ್ಬರ್ ತಲೆಯ ಡ್ರಾಪರ್ ಇರುವ ಕೆಲವು ಬಾಟಲಿಗಳಲ್ಲಿ ಎಣ್ಣೆಯ ಆವಿಗೆ ರಬ್ಬರ್ ಉಬ್ಬಿ ಜಿಗುಟಾಗಿದೆ. ಅವಕ್ಕೆ ಮಾಮೂಲಿ ತಿರುಪಿನ ಮುಚ್ಚಳ ಹಾಕಿದೆ. ಶ್ರೀಗಂಧ, ಪಚೋಲಿ, ಲಾವಂಚ ಈಗಲೂ ಚೆನ್ನಾಗಿವೆ. ನಿಂಬೆ, ಕಿತ್ತಳೆ, ಗ್ರೇಪ್‌ಫ್ರೂಟ್ ಎಣ್ಣೆಗಳು ಕೆಟ್ಟಿವೆ. ತಾಜಾತನ ಹೋಗಿ ಒಂಥರಾ ಟರ್ಪೆಂಟೈನ್ ವಾಸನೆ. ಗಾಳಿ ತಾಗಿ ಲಿಮೋನೀನ್ ಆಕ್ಸಿಡೀಕರಣವಾದರೆ ಚರ್ಮಕ್ಕೆ ಅಲರ್ಜಿ ತರುವ ಸಂಭವ ಜಾಸ್ತಿ, ಹಾಗಾಗಿ ಅವನ್ನು ಮೈಗೆ ಹಚ್ಚುವ ಮಾತೇ ಇಲ್ಲ. ಪರೀಕ್ಷೆಗೆ ಅಭ್ಯಾಸ ಮಾಡಲೂ ಬೇಡ, ಕೆಟ್ಟ ಪರಿಮಳವೇ ನೆನಪಲ್ಲಿ ಉಳಿದುಬಿಡುತ್ತದೆ.

ನೀವು ಕೊಳ್ಳುವುದಾದರೆ ಮೊದಲು ಮಾರುವವರಿಂದ ಲ್ಯಾಟಿನ್ ಹೆಸರುಗಳ ಪಟ್ಟಿ ಕೇಳಿ ಪಡೆಯಿರಿ. ನಾನು ಕೇಳಿದಾಗ ಕಳಿಸಿಕೊಟ್ಟರು, ಬಾಟಲಿಗಳ ಮೇಲೆ ಪೆನ್ನಿನಲ್ಲಿ ಬರೆದುಕೊಂಡೆ. ಸಿಟ್ರಸ್ ಎಣ್ಣೆಗಳನ್ನು ಪರೀಕ್ಷೆ ಹತ್ತಿರ ಬಂದಾಗ ಬೇರೆಯಾಗಿ, ಹೊಸದಾಗಿ ತರಿಸಿ. ಕಾಗದದ ಪಟ್ಟಿಗಳು ಬೇಗ ಖಾಲಿಯಾಗುತ್ತವೆ, ಅದಕ್ಕೆ ಚಿಂತೆ ಬೇಡ. ವಾಸನೆಯಿಲ್ಲದ ದಪ್ಪ ಬಿಳಿ ಕಾಗದವನ್ನು ಉದ್ದಕ್ಕೆ ಕತ್ತರಿಸಿಕೊಂಡರೂ ನಡೆಯುತ್ತದೆ.