ಆರು ವರ್ಷದಿಂದ ಒಂದೇ ಬಿಲೇ ಡಿವೈಸ್, ಈಗ ನಾಲ್ಕನೇ ಕುಣಿಕೆ

ರಾಪೆಲ್ ಮಾಡುವಾಗ, ಅಂದರೆ ಹಗ್ಗದ ಮೇಲೆ ಬಂಡೆ ಇಳಿಯುವಾಗ, ಹಗ್ಗ ಜಗ್ಗಿ ಜಗ್ಗಿ ನಿಲ್ಲುತ್ತಿದ್ದರೆ ಬಿಲೇ ಡಿವೈಸ್ (ಹಗ್ಗವನ್ನು ಉಜ್ಜಿ ವೇಗ ತಡೆಯುವ ಲೋಹದ ಸಲಕರಣೆ) ಸರಿ ಇಲ್ಲ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಮೊದಲ ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ, ಬೇರೆ ಕೊಳ್ಳೋಣ ಅಂತಲೂ ಇದ್ದೆ. ಆರು ವರ್ಷ ಆಯಿತು, ಅದೇ ಡಿವೈಸ್ ಇದೆ. ಎರಡು ಕಿಂಡಿಯ ಮಾಮೂಲಿ ಟ್ಯೂಬ್. ಒಂದು ಬದಿಯಲ್ಲಿ ಹಲ್ಲಿನಂಥ ಗೀರುಗಳಿವೆ. ಹಗ್ಗ ತೆಳುವಾಗಿದ್ದಾಗ ಆ ಬದಿ ಬ್ರೇಕ್ ಕೈ (ಡಿವೈಸ್‌ನ ಕೆಳಗೆ ಹಗ್ಗ ಹಿಡಿಯುವ ಕೈ) ಕಡೆ ಬರುವಂತೆ ಹಾಕಿದರೆ ಹಿಡಿತ ಜಾಸ್ತಿ. ಎಂಟರ ಆಕಾರದ ಫಿಗರ್ ಎಯ್ಟ್ ಡಿವೈಸ್ ಹಾಗೆ ಹಗ್ಗವನ್ನು ತಿರುಚುವುದೂ ಇಲ್ಲ.

ತೊಂದರೆ ಇದ್ದದ್ದು ಡಿವೈಸ್‌ನಲ್ಲಲ್ಲ, ಅದರ ಕೆಳಗೆ, ಕೈ ಬಿಟ್ಟರೂ ಹಿಡಿದು ನಿಲ್ಲಿಸಲಿ ಅಂತ ಹಗ್ಗಕ್ಕೆ ಸುತ್ತುವ ಬ್ಯಾಕಪ್ ಕುಣಿಕೆಯಲ್ಲಿ. 6 ಮಿ.ಮೀ. ನೈಲಾನ್ ಕಾರ್ಡ್‌ಗೆ ಡಬಲ್ ಫಿಶರ್‌ಮನ್ ಗಂಟು ಹಾಕಿ ಮಾಡಿಕೊಂಡ ಕುಣಿಕೆ ಅದು. ಮೊದಮೊದಲು ಪ್ರುಸಿಕ್ ಹಾಕುತ್ತಿದ್ದೆ. ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ 1931ರಲ್ಲಿ ತೋರಿಸಿಕೊಟ್ಟ ಗಂಟು. ಹಗ್ಗ ಹಿಡಿದು ಮೇಲೆ ಹತ್ತಬೇಕಾದಾಗ ನನಗೆ ಈಗಲೂ ಅದೇ ಬೇಕು. ಆದರೆ ಭಾರ ಬಿತ್ತೆಂದರೆ ಕಚ್ಚಿಕೊಂಡು ಕೂತುಬಿಡುತ್ತದೆ, ಬಿಡಿಸುವಷ್ಟರಲ್ಲಿ ಬೆರಳು ನೋಯುತ್ತದೆ. ಈಗ ಹಾಕುವ ಆಟೋಬ್ಲಾಕ್ ಗಂಟು ಹಾಗಲ್ಲ. ಹಗ್ಗಕ್ಕೆ ಸುಮ್ನೆ ಸುತ್ತಿ ಎರಡೂ ತುದಿಗಳನ್ನು ಕ್ಯಾರಾಬೈನರ್‌ಗೆ (ಬಾಗಿಲಿರುವ ಲೋಹದ ಕೊಂಡಿ) ಹಾಕಿದರೆ ಮುಗಿಯಿತು. ಭಾರ ಇದ್ದಾಗಲೂ ಮೇಲಿಂದ ಒತ್ತಿದರೆ ಬಿಟ್ಟುಕೊಡುತ್ತದೆ. ಅಷ್ಟು ಸಣ್ಣ ಕುಣಿಕೆ ಸಾಕಾ ಅಂತ ಕೇಳುತ್ತಾರೆ. ಸಾಕು. ಮೈಭಾರದ ದೊಡ್ಡ ಪಾಲನ್ನು ಡಿವೈಸೇ ಹೊರುತ್ತದೆ, ಬ್ರೇಕ್ ಕೈ ಹಿಡಿಯುವಷ್ಟನ್ನು ಮಾತ್ರ ಕುಣಿಕೆ ಹಿಡಿಯಬೇಕು.

ನಯವಾಗಿ ಇಳಿಯುವುದು ಸುತ್ತಿನ ಲೆಕ್ಕದಲ್ಲಿದೆ. ನೂಲು ಎದ್ದ ನನ್ನ ಹಳೇ ಹಗ್ಗಕ್ಕೆ ಮೂರು ಸುತ್ತು ಸಾಕು, ಹೊಸ ಜಾರು ಹಗ್ಗಕ್ಕೆ ನಾಲ್ಕು ಬೇಕು. ಭಯಕ್ಕೆ ಒಂದು ಸುತ್ತು ಹೆಚ್ಚು ಹಾಕಿದರೆ ಹೆಜ್ಜೆಹೆಜ್ಜೆಗೂ ಕಚ್ಚುತ್ತದೆ. ಹಾಗಂತ ಸುಮ್ನೆ ಕಡಿಮೆ ಮಾಡಿಬಿಡಬೇಡಿ. ಆಂಕರ್‌ಗೆ (ಬಂಡೆಯಲ್ಲಿ ಹಗ್ಗ ಕಟ್ಟಿದ ಆಧಾರ) ಕಟ್ಟಿಕೊಂಡಿರುವಾಗಲೇ ಹಗ್ಗದ ಮೇಲೆ ಪೂರ್ತಿ ಭಾರ ಬಿಟ್ಟು, ಬ್ರೇಕ್ ಕೈ ನಿಧಾನಕ್ಕೆ ಸಡಿಲಿಸಿ ನೋಡಿ. ಕುಣಿಕೆ ಹಿಡಿದ ಮೇಲೆಯೇ ಆಂಕರ್‌ನಿಂದ ಬಿಚ್ಚಿಕೊಳ್ಳಿ.

ಇನ್ನೊಂದು ತಪ್ಪು ಮಾಡುತ್ತಿದ್ದೆ. ಡಿವೈಸ್ ಬಿಲೇ ಲೂಪ್‌ನಲ್ಲಿ (ಸೊಂಟಕ್ಕೆ ಕಟ್ಟುವ ಹಾರ್ನೆಸ್‌ನ ಮುಂದಿನ ಬಳೆ), ಕುಣಿಕೆ ಹಾರ್ನೆಸ್‌ನ ತೊಡೆಯ ಪಟ್ಟಿಯಲ್ಲಿ. ಒಮ್ಮೆ ಬಂಡೆಯ ಅಂಚು ದಾಟುವಾಗ ಕಾಲೆತ್ತಿ ಪಕ್ಕಕ್ಕೆ ತಿರುಗಿದೆ. ಕುಣಿಕೆ ಮೇಲೇರಿ ಡಿವೈಸ್‌ಗೆ ತಾಗಿ ನಿಂತಿತು. ಹಾಗೆ ತಾಗಿದರೆ ಡಿವೈಸೇ ಅದನ್ನು ಕೆಳಕ್ಕೆ ತಳ್ಳುತ್ತದೆ, ಆಗ ಅದು ಹಿಡಿಯುವುದೇ ಇಲ್ಲ. ಅವತ್ತಿನಿಂದ 60 ಸೆಂ.ಮೀ. ಸ್ಲಿಂಗ್‌ಗೆ (ಹೊಲಿದ ಪಟ್ಟಿಯ ಬಳೆ) ನಡುವೆ ಗಂಟು ಹಾಕಿ ಡಿವೈಸನ್ನು ಎದೆಯ ಹತ್ತಿರಕ್ಕೆ ಏರಿಸಿದ್ದೇನೆ, ಕುಣಿಕೆ ಬಿಲೇ ಲೂಪ್‌ಗೆ ಬಂದಿದೆ. ಎರಡರ ನಡುವೆ ಚೆನ್ನಾಗಿ ಅಂತರ ಇರುತ್ತದೆ. ಇಳಿಯುವುದು ಎಷ್ಟು ಹಗುರ ಆಯಿತು ಅಂದರೆ, ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತಾ ಅನಿಸಿತು.

ಮೂರನೇ ವರ್ಷ ಮೇಲಿಂದ ನಿಂಬೆ ಗಾತ್ರದ ಕಲ್ಲೊಂದು ಬಿದ್ದು ಬ್ರೇಕ್ ಕೈಯ ಮಣಿಕಟ್ಟಿಗೆ ಬಡಿಯಿತು. ಬೆರಳು ತಾನಾಗಿ ಬಿಚ್ಚಿಕೊಂಡವು. ನಾನು ಒಂದು ಗೇಣೂ ಜಾರಲಿಲ್ಲ. ನಾಲ್ಕು ಸುತ್ತು ಹಗ್ಗಕ್ಕೆ ಬಿಗಿದು ಕೂತಿದ್ದನ್ನು ನೋಡುತ್ತಾ ಕೈ ನೋವು ಇಳಿಯುವವರೆಗೆ ಅಲ್ಲೇ ನೇತಾಡಿದೆ.

ಕೊರತೆಗಳೂ ಇವೆ. ಉದ್ದದ ರಾಪೆಲ್‌ನಲ್ಲಿ ಬೇಗ ಇಳಿದರೆ ಡಿವೈಸ್ ಮುಟ್ಟಲಾಗದಷ್ಟು ಕಾಯುತ್ತದೆ. ಕೈಗೆ ಅಲ್ಯೂಮಿನಿಯಂ ಕಪ್ಪು ಮೆತ್ತುತ್ತದೆ. ಕುಣಿಕೆಯನ್ನು ಮೂರು ಸಲ ಬದಲಿಸಿದ್ದೇನೆ, ಮೇಲ್ಮೈ ಗಾಜಿನಂತೆ ಹೊಳೆದು ಗಟ್ಟಿಯಾದ ಕೂಡಲೇ. ದುಡ್ಡು ಉಳಿಸೋಕೆ ತೆಳು ಡೈನೀಮಾ (ಪಾಲಿಎಥಿಲೀನ್ ನಾರು) ಸ್ಲಿಂಗನ್ನೇ ಸುತ್ತಬೇಡಿ. ಅದು ಜಾರುತ್ತದೆ, ಸುಮಾರು 145 ಡಿಗ್ರಿಗೇ ಕರಗುತ್ತದೆ. ನೈಲಾನ್ ಕರಗೋಕೆ 200 ದಾಟಬೇಕು.

ಈ ವರ್ಷ ಡಿವೈಸ್‌ನ ಕಿಂಡಿಯಲ್ಲಿ ಹಗ್ಗ ಉಜ್ಜುವ ಕಡೆ ಉಗುರು ಆಡಿಸಿದರೆ ಅಂಚು ಚುಚ್ಚುತ್ತಿದೆ. ಇನ್ನು ಹಗ್ಗಕ್ಕೆ ಹಾಕುವಂತಿಲ್ಲ. ಅದೇ ಮಾದರಿಯ ಹೊಸದನ್ನು ತರಿಸಿದ್ದೇನೆ.