ಹೈರ್‌ವ್ಯೂ ವೀಡಿಯೊ ಸಂದರ್ಶನ: ಅಂಕ ಸಿಗುವುದು ಅಕ್ಷರಕ್ಕಿಳಿದ ಮಾತಿಗೆ

ನೂರಾರು ಹೊಸಬರನ್ನು ಒಟ್ಟಿಗೆ ತೆಗೆದುಕೊಳ್ಳುವ ಎಷ್ಟೋ ಕಂಪನಿಗಳು ಮೊದಲ ಸುತ್ತನ್ನು ಈಗ ಯಂತ್ರಕ್ಕೆ ಒಪ್ಪಿಸಿವೆ. ಮೇಲ್‌ಗೆ ಲಿಂಕ್ ಬರುತ್ತದೆ, ಜೊತೆಗೊಂದು ಕೊನೆಯ ದಿನಾಂಕ. ಅಷ್ಟರೊಳಗೆ ಬಿಡುವು ಮಾಡಿಕೊಂಡು ಕ್ಯಾಮೆರಾ ಮುಂದೆ ಕೂತು ಉತ್ತರಿಸಬೇಕು. ಈ ಬಗೆಯ ಸೇವೆಗಳಲ್ಲಿ ಹೆಚ್ಚು ಹೆಸರಾದದ್ದು 2004ರಲ್ಲಿ ಅಮೆರಿಕದ ಯೂಟಾದಲ್ಲಿ ಶುರುವಾದ ಹೈರ್‌ವ್ಯೂ.

ಪ್ರಶ್ನೆ ಕಾಣಿಸಿದ ಮೇಲೆ ಯೋಚಿಸಲು ಸಾಮಾನ್ಯವಾಗಿ 30 ಸೆಕೆಂಡು, ಉತ್ತರಕ್ಕೆ ಎರಡು ಮೂರು ನಿಮಿಷ. ಸಮಯ ಎಷ್ಟು, ಇನ್ನೊಮ್ಮೆ ರೆಕಾರ್ಡ್ ಮಾಡಬಹುದೋ ಇಲ್ಲವೋ ಎಂಬುದು ಕೆಲಸ ಕೊಡುವ ಕಂಪನಿಯ ತೀರ್ಮಾನ. ಅಭ್ಯಾಸದ ಪ್ರಶ್ನೆಗಳಿಗೆ ಅಂಕವಿಲ್ಲ. ಈ ಸೇವೆಯಲ್ಲಿ ಮೆಚ್ಚಬೇಕಾದ ಭಾಗವೇ ಅದು, ಬಿಟ್ಟು ಮುಂದೆ ಹೋಗಬೇಡಿ.

ಹಿಂದೆ ಇದು ಮುಖಭಾವವನ್ನೂ ಅಳೆಯುತ್ತಿತ್ತು. ಟೀಕೆ ಜೋರಾದ ಮೇಲೆ ಅದನ್ನು ಕೈಬಿಟ್ಟಿರುವುದಾಗಿ 2021ರ ಜನವರಿಯಲ್ಲಿ ಕಂಪನಿಯೇ ತಿಳಿಸಿತು. ಒಳ್ಳೆಯ ನಿರ್ಧಾರ. ಈಗ ಯಂತ್ರ ಅಂಕ ಹಾಕುವ ಕಡೆಗಳಲ್ಲಿ ಮಾತು ಮೊದಲು ಅಕ್ಷರಕ್ಕಿಳಿಯುತ್ತದೆ. ಆ ಬರಹದಲ್ಲಿ ಹುದ್ದೆಗೆ ಬೇಕಾದ ಗುಣಗಳ ಸುಳಿವಿದೆಯೇ ಎಂದು ನೋಡಲಾಗುತ್ತದೆ. ಎಡವಟ್ಟಾಗುವುದು ಇಲ್ಲೇ. ತಲೆ ಮೇಲೆ ಫ್ಯಾನ್ ತಿರುಗುತ್ತಿದ್ದರೆ, ಇಯರ್‌ಫೋನಿನ ಮೈಕು ಅಂಗಿಯ ಗುಂಡಿಗೋ ದುಪಟ್ಟಾಕ್ಕೋ ಉಜ್ಜುತ್ತಿದ್ದರೆ, ಖಾಲಿ ಕೋಣೆಯಲ್ಲಿ ದನಿ ಮಾರ್ದನಿಸಿದರೆ ಪದಗಳು ಕಳಚಿಹೋಗುತ್ತವೆ. ಕಳಚಿದ ಪದಕ್ಕೆ ಅಂಕವೂ ಇಲ್ಲ.

ಹಿಂದಿನ ದಿನವೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಫೋನಿನ ಕೀಬೋರ್ಡಿನಲ್ಲಿ ವಾಯ್ಸ್ ಟೈಪಿಂಗ್ ಹಾಕಿ, ಭಾಷೆ ಇಂಗ್ಲಿಷ್ ಇಟ್ಟು, ಉತ್ತರವೊಂದನ್ನು ಎರಡು ನಿಮಿಷ ಹೇಳಿ. ‘ಎಮ್’ ಅನ್ನುವ ಕಡೆ ನಮ್ಮ ಬಾಯಿಗೆ ‘ಯೆಮ್’ ಬರುತ್ತದೆ. ಕಾಲೇಜಿನ ಹೆಸರು, ಊರಿನ ಹೆಸರು, ಕೋರ್ಸಿನ ಶಾರ್ಟ್‌ಫಾರ್ಮು ಏನೇನೋ ಆಗಿ ಮೂಡಬಹುದು. ಫೋನಿನ ವಾಯ್ಸ್ ಟೈಪಿಂಗೂ ಹೈರ್‌ವ್ಯೂ ಯಂತ್ರವೂ ಒಂದೇ ಅಲ್ಲ, ಆದರೆ ಎಲ್ಲಿ ನಿಧಾನಿಸಬೇಕೆಂದು ಇದರಿಂದ ತಿಳಿಯುತ್ತದೆ. ಶಾರ್ಟ್‌ಫಾರ್ಮನ್ನು ಮೊದಲ ಸಲ ಪೂರ್ತಿ ಬಿಡಿಸಿ ಹೇಳಿ. ಸಂದರ್ಭ ಏನು, ನೀವು ಮಾಡಿದ್ದೇನು, ಆದದ್ದೇನು ಎಂಬ ಕ್ರಮದಲ್ಲಿ ಹೋದರೆ ಎರಡು ನಿಮಿಷಕ್ಕೆ ಸುಮಾರು 250 ಇಂಗ್ಲಿಷ್ ಪದ ಸಾಕು. ಬರೆದಿಟ್ಟು ಓದಬೇಡಿ. ಎಷ್ಟೋ ಕಡೆ ಹೆಚ್‌ಆರ್‌ನವರೂ ವೀಡಿಯೊ ನೋಡುತ್ತಾರೆ, ಕಣ್ಣು ಸಾಲಿನಿಂದ ಸಾಲಿಗೆ ಓಡುವುದು ಗೊತ್ತಾಗಿಬಿಡುತ್ತದೆ.

ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿ ಬೆನ್ನಿಗಿರಬಾರದು. ಬ್ಲೂಟೂತಿಗಿಂತ ವೈರಿನ ಇಯರ್‌ಫೋನ್ ನಂಬಿಕಸ್ಥ. ಫೋನಿನಲ್ಲೇ ಮಾಡುವುದಾದರೆ ಏರೋಪ್ಲೇನ್ ಮೋಡಿಗೆ ಹಾಕಿ ವೈಫೈ ಮಾತ್ರ ಆನ್ ಮಾಡಿ, ನಡುವೆ ಕರೆ ಬಂದರೆ ರೆಕಾರ್ಡಿಂಗ್ ಕಡಿದುಹೋದೀತು.

ದೊಡ್ಡ ಕೊರತೆ ಒಂದಿದೆ. ನಮ್ಮ ಮಾತು ಹೇಗೆ ಬರಹವಾಯಿತು, ಅಂಕ ಎಲ್ಲಿ ಹೋಯಿತು ಎಂಬುದನ್ನು ಅಭ್ಯರ್ಥಿಗೆ ಸಾಮಾನ್ಯವಾಗಿ ತೋರಿಸುವುದಿಲ್ಲ. ತಪ್ಪಾಗಿ ಬರೆದುಕೊಂಡದ್ದನ್ನು ತಿದ್ದಿಸುವ ದಾರಿಯಿಲ್ಲದೆ ಕೆಲಸ ಕೈತಪ್ಪುವುದು ಅನ್ಯಾಯ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2020ರಿಂದ ಕಾನೂನೇ ಇದೆ: ಎಐ ಬಳಸುವುದನ್ನು ಮೊದಲೇ ತಿಳಿಸಬೇಕು, ಒಪ್ಪಿಗೆ ಪಡೆಯಬೇಕು, ಅಭ್ಯರ್ಥಿ ಕೇಳಿದರೆ 30 ದಿನದೊಳಗೆ ವೀಡಿಯೊ ಅಳಿಸಬೇಕು. ಅಲ್ಲಿನ ಕೆಲಸಕ್ಕೆ ಅರ್ಜಿ ಹಾಕುವ ಕನ್ನಡಿಗರು ಇದನ್ನು ಕೇಳಿ ಪಡೆಯಬಹುದು.

ನಡುವೆ ಕರೆಂಟು ಹೋದರೆ ಅಥವಾ ಅಪ್‌ಲೋಡ್ ನಿಂತರೆ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಗಂಟೆ ನಿಮಿಷ ಸಮೇತ ಹೆಚ್‌ಆರ್‌ಗೆ ಅದೇ ದಿನ ಮೇಲ್ ಮಾಡಿ, ಲಿಂಕ್ ಮತ್ತೆ ತೆರೆದುಕೊಡಲು ಕೇಳಿ.