ರಿಯೋ ಕಾರ್ನಿವಲ್‌ಗೆ ಹೋಗುವವರೇ, ಬೀದಿಯಲ್ಲಿ ಕಾರ್ಡ್ ತೆಗೆಯುವ ಮುನ್ನ ಇದನ್ನು ಓದಿ

2025ರ ಮಾರ್ಚ್ 3, ಸೋಮವಾರ. ಹತ್ತು ರಿಯಲ್‌ನ ನೀರಿಗೆ ನಾನು 3,000 ರಿಯಲ್ ಕಳೆದುಕೊಂಡೆ. ರಿಯಲ್ ಅಂದರೆ ಬ್ರೆಜಿಲ್‌ನ ದುಡ್ಡು, ನಮ್ಮ ಲೆಕ್ಕದಲ್ಲಿ ಸುಮಾರು 45,000 ರೂಪಾಯಿ. ದುಡ್ಡಿಗಿಂತ ಜಾಸ್ತಿ ನೋವಾಗಿದ್ದು ಬೇರೆಯದಕ್ಕೆ. ಅದನ್ನೂ ಹೇಳುತ್ತೇನೆ.

ಅವತ್ತು ಮಧ್ಯಾಹ್ನ ನಾನೂ ನನ್ನ ಗೆಳತಿಯೂ ಲಾಪಾದ ಕಮಾನುಗಳ ಹತ್ತಿರ ಒಂದು ಬ್ಲೋಕೊ ಜೊತೆ ಕುಣಿಯುತ್ತಾ ಹೊರಟಿದ್ದೆವು. ಬ್ಲೋಕೊ ಅಂದರೆ ಬೀದಿ ಮೆರವಣಿಗೆ. ನಮ್ಮಲ್ಲಿ ತೇರಿನ ಹಿಂದೆ ಹೋಗ್ತೀವಲ್ಲ, ಅಷ್ಟು ಜನ, ಅಷ್ಟೇ ನೂಕುನುಗ್ಗಲು. ಬಿಸಿಲು ಸುಡುತ್ತಿತ್ತು. ಥರ್ಮೋಕೋಲ್ ಪೆಟ್ಟಿಗೆ ಹೊತ್ತ ಒಬ್ಬ ಎದುರಾದ. ಎರಡು ಬಾಟಲಿ ನೀರಿಗೆ 10 ರಿಯಲ್ ಅಂದ. ನಮ್ಮ ಹತ್ತಿರ ಚಿಲ್ಲರೆ ಇರಲಿಲ್ಲ. ಅವನು ಕಾರ್ಡ್ ಮೆಷಿನ್ ಚಾಚಿದ.

ಮೆಷಿನ್‌ಗೆ ಮಾಸಿದ ಪ್ಲಾಸ್ಟಿಕ್ ಸುತ್ತಿದ್ದರು. ಪರದೆಯ ಮೇಲಿನ ಅಂಕಿ ಕಾಣುತ್ತಿರಲಿಲ್ಲ. ಬೆವರು, ನೀರು ತಾಗದಿರಲಿ ಅಂತ ಸುತ್ತಿರಬೇಕು ಅಂದುಕೊಂಡೆ. ಕಾರ್ಡ್ ತಾಗಿಸಿದೆ. ಪಿನ್ ಕೇಳಿತು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಹಿಂದಿನ ಮೂರು ದಿನವೂ ಸಣ್ಣಪುಟ್ಟ ಖರ್ಚಿಗೆ ಬರೀ ತಾಗಿಸಿದರೆ ಸಾಕಾಗಿತ್ತು. ಹಿಂದಿನಿಂದ ಜನ ತಳ್ಳುತ್ತಿದ್ದರು, ಪಿನ್ ಒತ್ತಿಬಿಟ್ಟೆ. ಅವನು ತಲೆ ಅಲ್ಲಾಡಿಸಿ ‘ನಾಂವ್ ಪಸ್ಸೋ’ ಅಂದ. ಪೇಮೆಂಟ್ ಆಗಲಿಲ್ಲ ಅಂತ. ಮತ್ತೊಮ್ಮೆ ಒತ್ತಿದೆ. ಒಂದೊಂದು ಸಲಕ್ಕೂ 1,500 ಹೋಗಿತ್ತು.

ಬ್ಯಾಂಕಿನ ಮೆಸೇಜ್ ಬರುವುದು ನನ್ನ ಊರಿನ ನಂಬರಿಗೆ. ಆ ಸಿಮ್ ತೆಗೆದು ಹೋಟೆಲ್ ರೂಮಿನಲ್ಲಿಟ್ಟಿದ್ದೆ. ಫೋನಿನಲ್ಲಿ ಅಲ್ಲಿನ ಸಿಮ್ ಇತ್ತು. ಹಾಗಾಗಿ ರಾತ್ರಿಯವರೆಗೂ ಏನೂ ಗೊತ್ತಾಗಲಿಲ್ಲ.

ರಾತ್ರಿ ಸಾಂಬಾ ಶಾಲೆಗಳ, ಅಂದರೆ ಹಾಡು-ಕುಣಿತದ ತಂಡಗಳ, ಮೆರವಣಿಗೆ ಸ್ಪರ್ಧೆ ನಡೆಯುವ ಸಾಂಬಾಡ್ರೋಮ್‌ಗೆ ಹೋದೆವು. ಆಸ್ಕರ್ ನೀಮೆಯರ್ ವಿನ್ಯಾಸ ಮಾಡಿದ, 1984ರಲ್ಲಿ ಶುರುವಾದ ಜಾಗ ಅದು. ಸುಮಾರು 700 ಮೀಟರ್ ಉದ್ದದ ದಾರಿ, ಎರಡೂ ಕಡೆ ಗ್ಯಾಲರಿ. ಬೆಸ ಸಂಖ್ಯೆಯ ಸೆಕ್ಟರ್‌ಗಳು ಒಂದು ಕಡೆ, ಸಮ ಸಂಖ್ಯೆಯವು ಇನ್ನೊಂದು ಕಡೆ. ನಮ್ಮದು 9. ಬೆಸ ಸಂಖ್ಯೆಯವರು ಸೆಂತ್ರಾವ್ (Central) ಮೆಟ್ರೋ ನಿಲ್ದಾಣದಲ್ಲಿ ಇಳಿಯಬೇಕು, ಸಮ ಸಂಖ್ಯೆಯವರು ಪ್ರಾಸಾ ಓಂಜಿಯಲ್ಲಿ. ತಪ್ಪು ಕಡೆ ಇಳಿದರೆ ತುಂಬಾ ಸುತ್ತು.

ಆ ರಾತ್ರಿಗಾಗಿಯೇ ನಾನು ಅಷ್ಟು ದೂರ ಹೋಗಿದ್ದೆ. ಬೇಜಾ ಫ್ಲೋರ್ ಸಾಂಬಾ ಶಾಲೆಯ ಗಾಯಕ ನೆಗಿನ್ಯೊ ಅವರಿಗೆ ಅದು ಕೊನೆಯ ಕಾರ್ನಿವಲ್. ಸುಮಾರು 50 ವರ್ಷ ಅದೇ ಶಾಲೆಗೆ ಹಾಡಿದವರು. ಆ ವರ್ಷದ ಮೆರವಣಿಗೆಯೂ ಅವರ ಜೊತೆ ದುಡಿದು 2021ರಲ್ಲಿ ತೀರಿಕೊಂಡ ಮೆರವಣಿಗೆ ನಿರ್ದೇಶಕ ಲಾಯಿಲಾ ಅವರ ನೆನಪಿಗೆ. ವಿಡಿಯೋ ಮಾಡೋಣ ಅಂತ ಫೋನ್ ತೆಗೆದರೆ ಬ್ಯಾಂಕಿನಿಂದ ಎರಡು ಇಮೇಲ್.

ಗ್ಯಾಲರಿ ಇಳಿದು ಹಿಂದಕ್ಕೆ ಓಡಿದೆ. ಕಾರ್ಡ್ ಬ್ಲಾಕ್ ಮಾಡಿಸಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕಾದೆ, ಕಾದೆ. ಆಗ ಗೋಡೆಯ ಆಚೆಯಿಂದ ನೆಗಿನ್ಯೊ ಅವರ ಆ ಹೆಸರಾದ ಕೂಗು ಕೇಳಿಸಿತು. ‘ನೋಡ್ರಪ್ಪಾ, ಬೇಜಾ ಫ್ಲೋರ್ ಬಂತು!’ ಜನ ಹೋ ಅಂದರು. ಸುರ್ದೊ ಅನ್ನುವ ದೊಡ್ಡ ಡೋಲಿನ ಪೆಟ್ಟು ಕಾಲಡಿಯ ಸಿಮೆಂಟಿನಲ್ಲೇ ಗೊತ್ತಾಗುತ್ತಿತ್ತು. ನಾನು ಒಂದು ಕಿವಿ ಮುಚ್ಚಿಕೊಂಡು ಕಾರ್ಡ್ ನಂಬರ್ ಓದುತ್ತಿದ್ದೆ. ವಾಪಸ್ ಬರುವಷ್ಟರಲ್ಲಿ ಬಯಾನಾ ಅನ್ನುವ ಗುಂಪಿನ ಅಗಲ ಲಂಗದ ಅಜ್ಜಿಯರು ಗಿರಗಿರ ತಿರುಗುತ್ತಾ ದಾಟಿಹೋಗಿದ್ದರು. ನೆಗಿನ್ಯೊ ಅವರೂ ಮುಂದೆ ಹೋಗಿದ್ದರು.

ದುಡ್ಡು ವಾಪಸ್ ಬರಲಿಲ್ಲ. ಪಿನ್ ನೀವೇ ಒತ್ತಿದ್ದೀರಿ ಅಂದರು ಬ್ಯಾಂಕಿನವರು. ಪೊಲೀಸ್ ದೂರಿನ ಪ್ರತಿ ಕೇಳಿದರು. ಪ್ರವಾಸಿಗರಿಗೆ ಅಂತಲೇ ಲೆಬ್ಲಾನ್‌ನಲ್ಲಿ ಒಂದು ಠಾಣೆ ಇದೆ, ಮರುದಿನ ಅಲ್ಲಿ ಬರೆಸಿದೆ. ಬುಧವಾರ ಬೇಜಾ ಫ್ಲೋರ್ ಗೆದ್ದಿತು. ಮೇಲಿನ ಸ್ಥಾನ ಪಡೆದ ಶಾಲೆಗಳು ಶನಿವಾರ ಮತ್ತೆ ಮೆರವಣಿಗೆ ಬರುತ್ತವೆ. ನಮ್ಮ ವಿಮಾನ ಗುರುವಾರವೇ ಇತ್ತು.

ದಯವಿಟ್ಟು ಬೀದಿ ಖರ್ಚಿಗೆ 5, 10, 20ರ ನೋಟು ಇಟ್ಟುಕೊಳ್ಳಿ. ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟಿನ ಮಿತಿ ಇಳಿಸಿ. ನಾನು ಎರಡು ಲಕ್ಷಕ್ಕೆ ಬಿಟ್ಟಿದ್ದೆ. ದಿನಕ್ಕೆ ಐದು ಸಾವಿರ ಇಟ್ಟಿದ್ದರೆ ಆ ಎರಡೂ ಪೇಮೆಂಟ್ ಅಲ್ಲೇ ನಿಲ್ಲುತ್ತಿದ್ದವು. ಊರಿನ ಸಿಮ್ ರೋಮಿಂಗ್‌ನಲ್ಲಿ ಫೋನಿನಲ್ಲೇ ಇರಲಿ. ಅಂಕಿ ಕಾಣದ ಮೆಷಿನ್‌ಗೆ ಕಾರ್ಡ್ ತಾಗಿಸಲೇಬೇಡಿ, ಎಷ್ಟೇ ಬಾಯಾರಿಕೆ ಇರಲಿ. ‘ಆಗಲಿಲ್ಲ’ ಅಂದರೆ ಮೆಸೇಜ್ ನೋಡದೆ ಎರಡನೇ ಸಲ ಒತ್ತಬೇಡಿ.

ಅಲ್ಲಿನ ವ್ಯಾಪಾರಿಗಳೆಲ್ಲ ಹೀಗೆ ಅಂತ ಮಾತ್ರ ಅಂದುಕೊಳ್ಳಬೇಡಿ. ಮಂಗಳವಾರ ಕೋಪಕಬಾನಾದಲ್ಲಿ ಒಬ್ಬರು ಅಜ್ಜಿ ಎಳನೀರು ಕೊಟ್ಟರು. ಗೆಳತಿ ಕಾರ್ಡ್ ತೆಗೆದಾಗ ಮೆಷಿನ್ ನಮ್ಮ ಕಡೆ ತಿರುಗಿಸಿ, ಬಿಸಿಲು ಬೀಳದ ಹಾಗೆ ಕೈ ಅಡ್ಡ ಹಿಡಿದು, ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದರು. ನಾವಿಬ್ಬರೂ ತಲೆಯಾಡಿಸುವವರೆಗೂ ಕಾದರು.